ಕುಡಿತ ಬಿಟ್ಟವರ ಕೂಟ

ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಮಗೆ ಮೊದಲು ಬೇಕಾಗುವುದು ಬಾಡಿಗೆ ಮನೆ, ಮಕ್ಕಳಿಗೆ ಶಾಲೆ, ಜೋಳ ಬೀಸಿಕೊಡುವ ಗಿರಣಿ. ಇವೆಲ್ಲ ಎಲ್ಲಿವೆ ಎಂದು ಸಂಘದ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಮನೆಯ ಗಂಡಸಿನ ಕುಡಿತ ಬಿಡಿಸುವ ಜಾಗ ಎಲ್ಲಿದೆ ಎಂದು ಕೇಳಲು ಬಾಯಿ ಬರುವುದಿಲ್ಲ. ಇಂದು ಇಲ್ಲಿ ಆಡಿದ ಮಾತು ನಾಳೆ ಊರಿಗೆ ಮುಟ್ಟೀತೆಂಬ ಅಂಜಿಕೆ. ಆ ಜಾಗವನ್ನು ನಾವು ಹುಡುಕಿಕೊಂಡ ಬಗೆಯನ್ನು, ಸಂಬಂಧಪಟ್ಟವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಅವನು ನನ್ನ ತಮ್ಮ. ಗದಗ ಸೀಮೆಯಿಂದ ಬಂದು ಭೋಸರಿಯ ಒಂದು ಕಾರಖಾನೆಯಲ್ಲಿ ಲೇಥ್ ಮೇಲೆ ಕೆಲಸಕ್ಕಿದ್ದ. ಒಳ್ಳೆಯ ಕೈ ಎಂದು ಹೆಸರಿತ್ತು. ಪಾಳಿ ಮುಗಿದ ಮೇಲಿನ ಒಂದು ಗ್ಲಾಸು ಬರಬರುತ್ತ ಬೆಳಗಿನ ಗ್ಲಾಸೂ ಆಯಿತು. ಅದು ಹೊಟ್ಟೆಗಿಳಿಯದೆ ಕೈ ನಡುಕ ನಿಲ್ಲುತ್ತಿರಲಿಲ್ಲ. ನಡುಗುವ ಕೈಯವನನ್ನು ಯಂತ್ರದ ಮುಂದೆ ಯಾರು ನಿಲ್ಲಿಸಿಕೊಂಡಾರು? ಕೆಲಸ ಹೋಯಿತು. ಮಗಳ ಶಾಲೆಯ ಫೀ ಉಳಿಯಿತು. ಎಲ್ಲಮ್ಮನ ಮೇಲೆ, ಮಗಳ ತಲೆಯ ಮೇಲೆ ಆಣೆಗಳಾದವು. ಒಂದೂ ಎರಡು ವಾರದ ಮೇಲೆ ಬಾಳಲಿಲ್ಲ.

ಕೊನೆಗೆ ಒಬ್ಬ ವೈದ್ಯರು ಕೂಡ್ರಿಸಿಕೊಂಡು ತಿಳಿಸಿ ಹೇಳಿದರು. ಇದು ಬೇನೆ, ಬರೀ ಕೆಟ್ಟ ಬುದ್ಧಿಯಲ್ಲ. ಬಹುಕಾಲ ವಿಪರೀತ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬಾರದು. ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಮೊದಲು ಔಷಧೋಪಚಾರ. ಮೈಯೊಳಗಿನ ವಿಷ ಕೆಲವು ದಿನಗಳಲ್ಲಿ ಇಳಿದೀತು. ಮನಸ್ಸಿಗೆ ಮಾತ್ರ ಬಹುಕಾಲ ಜೊತೆ ಬೇಕು. ಹೀಗೆಂದು ಅವರು ಎರಡು ಹೆಸರು ಬರೆದುಕೊಟ್ಟರು.

ಮೊದಲನೆಯದು ಯೆರವಡೆಯ ಮುಕ್ತಾಂಗಣ. ಮಾದಕ ಪುಡಿಗೆ ಬಲಿಯಾದ ತರುಣರ ಕುರಿತು ಮರಾಠಿ ಲೇಖಕ ಅನಿಲ ಅವಚಟ ಬರೆದುದನ್ನೋದಿ ಪು. ಲ. ದೇಶಪಾಂಡೆ ದಂಪತಿಗಳು ಧನಸಹಾಯ ನೀಡಿದರು. 1986ರಲ್ಲಿ ಅಲ್ಲಿಯ ಮನೋರುಗ್ಣಾಲಯದ ಆವರಣದಲ್ಲಿ ಅವಚಟರ ಪತ್ನಿ ಡಾ. ಅನಿತಾ ಅದನ್ನು ಆರಂಭಿಸಿದರು. ಅನಿತಾ 1997ರಲ್ಲಿ, ಅನಿಲ ಅವಚಟ 2022ರಲ್ಲಿ ತೀರಿಕೊಂಡರೂ ಕೆಲಸ ನಿಂತಿಲ್ಲ. ತಮ್ಮ ಅಲ್ಲಿ ಐದು ವಾರ ಇದ್ದು ಬಂದ.

ಎರಡನೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದ್ದರಿಂದ ಹುಟ್ಟಿದ ಕೂಟವಿದು. 1957ರಲ್ಲಿ ಭಾರತಕ್ಕೆ ಬಂತು. ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಪಡೆಯುವುದಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಜನ್ಮವಿಡೀ ಕುಡಿಯೆನೆಂಬ ಆಣೆ ಅಲ್ಲಿಲ್ಲ. ಇವತ್ತೊಂದು ದಿನ ಬೇಡ ಎಂಬುದಷ್ಟೇ ಲೆಕ್ಕ.

ಮೊದಲ ಸಂಜೆ ನನ್ನ ಯಜಮಾನರು ಅವನನ್ನು ಬಾಗಿಲತನಕ ಬಿಟ್ಟು ಬಂದರು. ಒಳಗೆ ಮಾತೆಲ್ಲ ಮರಾಠಿ, ಹಿಂದಿ. ಅವನ ಸರದಿ ಬಂದಾಗ ಎರಡು ವಾಕ್ಯ ಮರಾಠಿ ಆಡಿದನಂತೆ. ಮಗಳ ಮಾತು ಬಂದೊಡನೆ ಕಂಠ ಬಿಗಿದು ಉಳಿದದ್ದೆಲ್ಲ ಕನ್ನಡದಲ್ಲೇ ಬಂತಂತೆ. ಯಾರೂ ತಡೆಯಲಿಲ್ಲ. ಮುಗಿದ ಮೇಲೆ ಪಕ್ಕದ ಹಿರಿಯರೊಬ್ಬರು ಚಹದ ಕಪ್ಪು ಕೈಗಿಟ್ಟು, ಅದು ನಡುಕಕ್ಕೆ ಚೆಲ್ಲದಂತೆ ಕೆಳಗಿನಿಂದ ಹಿಡಿದು ನಿಂತರಂತೆ. ಮನೆಗೆ ಬಂದು ಅವನು ಹೇಳಿದ್ದು ಇಷ್ಟು: "ಅಕ್ಕಾ, ನಾ ಏನ್ ಅಂದೆ ಅನ್ನೋದು ಅವರಿಗೆ ತಿಳೀಲಿಲ್ಲ. ನನಗ ಏನಾಗೇದ ಅನ್ನೋದು ಮಾತ್ರ ಪೂರಾ ತಿಳೀತು."

ದಾರಿ ನೇರವಾಗಿರಲಿಲ್ಲ. ನಾಲ್ಕನೆಯ ತಿಂಗಳು ಊರ ಜಾತ್ರೆಗೆ ಹೋದವನು ಕುಡಿದೇ ಬಂದ. ಎಂಟು ದಿನ ಮುಖ ತೋರಿಸಲಿಲ್ಲ. ಆಗ ಕೂಟದವರಿಬ್ಬರು ಮನೆಗೇ ಬಂದರು. ಉಪದೇಶ ಮಾಡಲಿಲ್ಲ, "ಸಂಜೆ ಬಾ" ಎಂದರು. ಹೋದ, ಎಲ್ಲರೆದುರು ಮತ್ತೆ ಒಂದನೆಯ ದಿನದಿಂದ ಎಣಿಸಿದ. ಅದೇ ಹೊತ್ತಿಗೆ ಅವನ ಹೆಂಡತಿ ಆಲ್-ಅನಾನ್ ಕೂಟಕ್ಕೆ ಹೋಗತೊಡಗಿದಳು. ಇದು ಕುಡಿಯುವವರ ಮನೆಮಂದಿಗಾಗಿ 1951ರಲ್ಲಿ ಅಮೆರಿಕದಲ್ಲಿ ಆರಂಭವಾದದ್ದು. ವಿಲ್ಸನ್ನರ ಪತ್ನಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲ ಎಂಬುದನ್ನು ಆಕೆ ಮೊದಲ ಸಲ ಕೇಳಿದ್ದು ಅಲ್ಲಿ. ಅಂದಿನಿಂದ ರಾತ್ರಿ ಬಾಗಿಲು ಕಾಯುವುದನ್ನು ಬಿಟ್ಟು ನಿದ್ದೆ ಮಾಡಿದಳು. ಅದೂ ಒಂದು ಗುಣವೇ.

ಈಗ ಮೂರು ವರ್ಷ ದಾಟಿದೆ. ಬೇರೊಂದು ವರ್ಕ್‌ಶಾಪಿನಲ್ಲಿ ತಮ್ಮನಿಗೆ ಕೆಲಸವಿದೆ. ಕೂಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಹೊಸಬರಿಗೆ ಚಹ ಕೊಡುವ ಪಾಳಿ ಅವನದು.

ಊರಲ್ಲಿರುವ ನಮ್ಮ ನೆಂಟರಿಗೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ಗೊತ್ತು. ಇಲ್ಲಿರುವ ನಮಗೆ ಇನ್ನೆರಡು ಮಾತು: ಮಾದಕ ವ್ಯಸನಮುಕ್ತಿಗಾಗಿ 14446, ಮನಸ್ಸಿನ ತೊಂದರೆಗಳಿಗಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416 ಎಂಬ ಸರಕಾರಿ ದೂರವಾಣಿಗಳು ಉಚಿತ, ಟೆಲಿ-ಮಾನಸ್‌ನಲ್ಲಿ ಕನ್ನಡಕ್ಕೂ ಅವಕಾಶವಿದೆ.

ಸಂಘದ ಪದಾಧಿಕಾರಿಗಳಲ್ಲಿ ಒಂದು ಬಿನ್ನಹ. ನಮ್ಮ ಫಲಕದ ಮೇಲೆ ನಾಟಕ, ಭಜನೆ, ವಧು-ವರರ ಮಾಹಿತಿ ಹಚ್ಚುತ್ತೇವೆ. ಅದರ ಮೂಲೆಯಲ್ಲಿ ಈ ಕೂಟಗಳ ಜಾಗ, ವಾರ, ವೇಳೆ ಬರೆದ ಒಂದು ಚೀಟಿಯೂ ಇರಲಿ. ಬಾಯಿಬಿಟ್ಟು ಕೇಳಲಾಗದ ತಾಯಿಯೋ ತಂಗಿಯೋ, ಭಜನೆಯ ವೇಳೆ ನೋಡುವ ನೆವದಲ್ಲಿ, ಅದನ್ನು ಓದಿಕೊಂಡು ಹೋದಾಳು.