ಮುದಿ ಲ್ಯಾಂಡ್ ರೋವರ್ ಏರಿ ಸಂದಕ್‌ಫುಗೆ

ಡಾರ್ಜಿಲಿಂಗ್‌ಗೆ ಹೋದರೆ ಟೈಗರ್ ಹಿಲ್ ಒಂದನ್ನೇ ನೋಡಿ ಹಿಂತಿರುಗಬೇಡಿ. ಸುಮಾರು 26 ಕಿ.ಮೀ. ದೂರದ ಮಾನೇಭಂಜಂಗ್‌ಗೂ ಹೋಗಿ. ಅಲ್ಲಿಂದ 3,636 ಮೀಟರ್ ಎತ್ತರದ ಸಂದಕ್‌ಫುಗೆ 31 ಕಿ.ಮೀ. ಬೆಟ್ಟದ ದಾರಿ.

ನಮ್ಮ ಸರದಿಗೆ ಬಂದ ಗಾಡಿ ನೋಡಿ ನನ್ನ ಎದೆ ಧಸಕ್ಕೆಂದಿತು. 1950ರ ದಶಕದ ಲ್ಯಾಂಡ್ ರೋವರ್! ಟೀ ತೋಟದ ಇಂಗ್ಲಿಷರು ಬಿಟ್ಟುಹೋದದ್ದಂತೆ. "ಇದರಲ್ಲಿ ಬೆಟ್ಟ ಹತ್ತೋದಾ? ನಾನೊಲ್ಲೆ ರೀ" ಅಂದೆ. ನಮ್ಮವರು ನಕ್ಕರು.

ಡ್ರೈವರಣ್ಣ ಬಾನೆಟ್ ಎತ್ತಿ ತೋರಿಸಿದ. ಹಳೇ ಪೆಟ್ರೋಲ್ ಎಂಜಿನ್ ಇಳಿಸಿ ಮಹೀಂದ್ರ ಡೀಸೆಲ್ ಎಂಜಿನ್ ಕೂರಿಸಿದ್ದಾರೆ! ಬಿಡಿಭಾಗ ಸಿಗದಿದ್ದರೆ ಮೂಲೆ ಸೇರಿದ ಗಾಡಿಯದ್ದನ್ನೇ ಬಿಚ್ಚಿ ಹಾಕುತ್ತಾರಂತೆ. ಒಬ್ಬರ ಗಾಡಿ ದಾರೀಲಿ ಕೆಟ್ಟರೆ ಇನ್ನೊಬ್ಬರು ಸ್ಪ್ಯಾನರ್ ಹಿಡಿದು ಬರುತ್ತಾರಂತೆ. ನಾವು ನೆರೆಮನೆಗೆ ಹೆಪ್ಪು, ಸಕ್ಕರೆ ಕೊಟ್ಟು ತಗೊಳ್ಳೋ ಹಾಗೇ ಅನ್ನಿ.

ಧೈರ್ಯ ಮಾಡಿ ಹತ್ತಿದೆ. ಮೈಕೈಯೆಲ್ಲ ಕುಲುಕಿ ಹೋಯಿತು, ಗಾಡಿ ಮಾತ್ರ ಎಲ್ಲೂ ನಿಲ್ಲಲಿಲ್ಲ. ಮರುದಿನ ಮುಂಜಾನೆ ಕಾಂಚನಜುಂಗಾ ಕೆಂಪಾಯಿತು, ದೂರದಲ್ಲಿ ಎವರೆಸ್ಟ್! ಕಣ್ಣಲ್ಲಿ ನೀರು ಬಂತು.

ಈಗ ಹೊಸ ಬೊಲೆರೋಗಳು ಬಂದು ಹಳೆಯವು ಕಡಿಮೆಯಾಗುತ್ತಿವೆ. ಇರುವಾಗಲೇ ಹೋಗಿಬನ್ನಿ. ದಪ್ಪ ಸ್ವೆಟರ್ ಮರೆಯಬೇಡಿ, ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಬೇಡಿ.

ಗುಜರಿಗೆ ಹಾಕಬೇಕೆಂದಿದ್ದ ಅತ್ತೆಯವರ ಹೊಲಿಗೆ ಯಂತ್ರವನ್ನು ಊರಿಗೆ ಬಂದವಳೇ ರಿಪೇರಿಗೆ ಕೊಟ್ಟೆ.