ಮೌನವಾಗಿದ್ದ ಗಂಟೆ

ನಾನು ಲಂಡನ್ನಿಗೆ ಹೊರಟಾಗ ತಂದೆಯವರು ತಮ್ಮ ಹಳೆಯ ಎಚ್.ಎಂ.ಟಿ. ಕೈಗಡಿಯಾರವನ್ನು ನನ್ನ ಕೈಗಿತ್ತು, "ಬಿಗ್ ಬೆನ್ ಗಂಟೆ ಹೊಡೆದಾಗ ಇದರ ಮುಳ್ಳನ್ನು ಸರಿಹೊಂದಿಸಿಕೊಂಡು ಬಾ" ಎಂದಿದ್ದರು. ಚಿಕ್ಕಂದಿನಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ ಆ ನಾದವನ್ನು ಅವರು ಕೇಳಿದ್ದರಂತೆ.

ಅದು 2018ರ ಆಗಸ್ಟ್ ತಿಂಗಳು. ನನಗಿದ್ದುದು ಒಂದೇ ದಿನದ ಬಿಡುವು. ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರಿಗೆಂದು ನೆಲದಡಿಯ ರೈಲು ಹಿಡಿದೆ. ಹತ್ತಿದ್ದು ಎದುರು ದಿಕ್ಕಿನ ಗಾಡಿ! ಇಳಿಯುವ ಗಡಿಬಿಡಿಯಲ್ಲಿ ಕೊಡೆಯನ್ನೂ ಮರೆತೆ. ಅಂತೂ ವೆಸ್ಟ್‌ಮಿನ್‌ಸ್ಟರ್ ತಲುಪಿ ಹೊರಬಂದರೆ ಮಳೆ. ನೆನೆಯುತ್ತಲೇ ತಲೆಯೆತ್ತಿ ನೋಡಿದೆ. 96 ಮೀಟರ್ ಎತ್ತರದ ಗೋಪುರವು ಸಾರುವೆಯೊಳಗೆ ಅಡಗಿತ್ತು. ಹನ್ನೆರಡಾಯಿತು, ಗಂಟೆ ಹೊಡೆಯಲಿಲ್ಲ. 1859ರಿಂದ ನುಡಿಯುತ್ತಿದ್ದ ಅದನ್ನು ದುರಸ್ತಿಗಾಗಿ ಹಿಂದಿನ ವರ್ಷವೇ ನಿಲ್ಲಿಸಿದ್ದರೆಂದು ಪೊಲೀಸನೊಬ್ಬ ತಿಳಿಸಿದ. (ಅದು ಮತ್ತೆ ನಿತ್ಯವೂ ನುಡಿಯತೊಡಗಿದ್ದು 2022ರಲ್ಲಿ.) ಮೊದಲೇ ವಿಚಾರಿಸದಿದ್ದುದು ನನ್ನ ತಪ್ಪು.

ತಂದೆಯವರಿಗೆ ಏನು ಹೇಳಲಿ ಎಂಬ ಚಿಂತೆಯಲ್ಲಿ ಸೇತುವೆ ದಾಟಿ, ಥೇಮ್ಸ್ ನದಿಯ ದಂಡೆಗುಂಟ ಸುಮ್ಮನೆ ನಡೆದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಪರಿಚಿತ ಮುಖವೊಂದು ಕಂಡಿತು. ಬಸವಣ್ಣನವರ ಪ್ರತಿಮೆ! 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಹೊಳೆಯಾಚೆ ಪಾರ್ಲಿಮೆಂಟ್ ಭವನ. ಅನುಭವ ಮಂಟಪದ ಆ ಶರಣರಿಗೆ ಇದು ತಕ್ಕ ನೆಲೆಯೆಂದು ತೋರಿತು. ಒದ್ದೆಬಟ್ಟೆಯಲ್ಲೇ ಬಹಳ ಹೊತ್ತು ನಿಂತಿದ್ದೆ.

ಊರಿಗೆ ಮರಳಿ, ಮುಳ್ಳು ತಿರುಗಿಸದ ಗಡಿಯಾರವನ್ನು ತಂದೆಯವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವರು ನಕ್ಕು, "ಬಸವಣ್ಣನವರನ್ನು ಕಂಡಾಗ ಎಷ್ಟು ಗಂಟೆಯಾಗಿತ್ತು?" ಎಂದು ಕೇಳಿದರು.

ನಾನು ಗಡಿಯಾರವನ್ನೇ ನೋಡಿರಲಿಲ್ಲ.