ಅನಂತಗಿರಿಯ ನೀರು, ಗಂಡಿಪೇಟೆಯ ಮನೆ

ನಮ್ಮ ತಾಂಡೂರಿಗೂ ಹೈದರಾಬಾದಿನ ಗಂಡಿಪೇಟೆ ಕೆರೆಗೂ ನೀರಿನ ನಂಟುಂಟು. ವಿಕಾರಾಬಾದಿನ ಅನಂತಗಿರಿ ಗುಡ್ಡಗಳ ಕಡೆಯಿಂದ ಒಂದು ನೀರು ಪಶ್ಚಿಮಕ್ಕಿಳಿದು, ಕಾಗಿಣಾ ಎನಿಸಿ, ನಮ್ಮೂರನ್ನು ಹಾಯ್ದು ಮಳಖೇಡದ ಬದಿಯಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಇನ್ನೊಂದು ಪೂರ್ವಕ್ಕಿಳಿದು, ಮೂಸಿ ಎನಿಸಿ ಗಂಡಿಪೇಟೆಯಲ್ಲಿ ತಂಗುತ್ತದೆ. 1956ರ ನವೆಂಬರ್ 1ರಂದು ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ಮೇಲೆ ನಮ್ಮ ಮಕ್ಕಳ ಉದ್ಯೋಗದ ದಾರಿಯೂ ಮೂಸಿಯಂತೆ ಪೂರ್ವಕ್ಕೇ ತಿರುಗಿದೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆ ಕೆರೆಯ ಸಮೀಪದ ಬಹುಮಹಡಿ ಕಟ್ಟಡದಲ್ಲಿ ಮನೆ ಕೊಳ್ಳುವ ಆಸೆ. ಅದಕ್ಕಾಗಿ ಅವನ ತಂದೆ ಎರಡೆಕರೆ ತೊಗರಿ ಹೊಲವನ್ನು ಮಾರಬೇಕು. "ಗುರುಗಳೇ, ನೀವೊಮ್ಮೆ ನೋಡಿರಿ" ಎಂದು ಅವರು ಕರೆದುದರಿಂದ ರೈಲಿನಲ್ಲಿ ಲಿಂಗಂಪಲ್ಲಿಗಿಳಿದು ಕೋಕಾಪೇಟೆಗೆ ಹೋದೆವು. 2023ರ ಹರಾಜಿನಲ್ಲಿ ಎಕರೆಗೆ ನೂರು ಕೋಟಿ ರೂಪಾಯಿ ಮೀರಿದ ಸ್ಥಳವದು. ಈಜುಕೊಳ, ವ್ಯಾಯಾಮಶಾಲೆ, ಚಿತ್ರಮಂದಿರ, ಮಕ್ಕಳ ಆಟದಂಗಳ ಎಲ್ಲವೂ ಒಂದೇ ಆವರಣದಲ್ಲಿ. ಒಳಗೆಲ್ಲ ಅಮೃತಶಿಲೆ, ಕಾಲುದಾರಿಗೆ ಮಾತ್ರ ನಮ್ಮೂರಿನ ಹಾಸುಗಲ್ಲು. ಮೇಲಿನ ಮಹಡಿಯಿಂದ ಕಂಡ ಕೆರೆಯ ಚೆಲುವನ್ನು ಅಲ್ಲಗಳೆಯಲಾರೆವು.

ಆದರೆ ಆ ಕೆರೆ ಚೆಲುವಿಗಾಗಿ ಆದುದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿಯ ಮಹಾಪೂರ ಸಾವಿರಾರು ಜನರನ್ನು ಕೊಂಡೊಯ್ದಿತು. ಮರುವರ್ಷ ನಿಜಾಮ ಸರಕಾರ ಕರೆಸಿಕೊಂಡ ತಜ್ಞರು ನಮ್ಮ ವಿಶ್ವೇಶ್ವರಯ್ಯನವರು. ನಗರದ ಮೇಲ್ಗಡೆಯೇ ಪ್ರವಾಹವನ್ನು ತಡೆಯಬೇಕೆಂಬ ಅವರ ಯೋಜನೆಯ ಫಲವೇ 1920ರ ಉಸ್ಮಾನ್ ಸಾಗರ, ಅಂದರೆ ಗಂಡಿಪೇಟೆ ಕೆರೆ, ಮತ್ತು 1927ರ ಹಿಮಾಯತ್ ಸಾಗರ. ಇವು ನೀರಿಗೆ ಬಿಟ್ಟುಕೊಟ್ಟ ಸ್ಥಳಗಳು. 2025ರ ಸೆಪ್ಟೆಂಬರಿನಲ್ಲಿ ಇವುಗಳ ಬಾಗಿಲು ತೆರೆದಾಗ ಮೂಸಿ ಉಕ್ಕಿ ನಗರದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೇ ನೀರು ನುಗ್ಗಿತು. ಕೆರೆಗಳ ಸುತ್ತ 10 ಕಿಲೋಮೀಟರು ಕಟ್ಟಡಗಳನ್ನು ನಿರ್ಬಂಧಿಸಿದ್ದ 1996ರ 111ನೆಯ ಸರಕಾರಿ ಆದೇಶವನ್ನು ತೆಗೆಯಲು 2022ರಲ್ಲಿ 69ನೆಯ ಆದೇಶ ಹೊರಟಿತು. ಆದರೂ ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆ ಆದೇಶದಿಂದ ಅಳಿಯುವುದಿಲ್ಲ. 2024ರಲ್ಲಿ ಸ್ಥಾಪಿತವಾದ 'ಹೈಡ್ರಾ' ಸಂಸ್ಥೆ ನಗರದ ಅನೇಕ ಕೆರೆಗಳ ಅಂಚಿನ ಕಟ್ಟಡಗಳನ್ನು ಕೆಡವಿದಾಗ ನೋಂದಣಿಪತ್ರ ಹಿಡಿದು ಅತ್ತವರೂ ಇದ್ದರು.

ಹಿಂದಿರುಗುವಾಗ ರೈತರು ಕೇಳಿದರು: "ಗುರುಗಳೇ, ಎರಡೆಕರೆ ಕೊಟ್ಟರೆ ಅಲ್ಲಿ ಭೂಮಿ ಎಷ್ಟು ಬರುತ್ತದೆ?" ರೈಲಿನಲ್ಲೇ ಲೆಕ್ಕ ಮಾಡಿದೆವು. ಎಕರೆಗೆ 4840 ಚದರ ಗಜ. ಒಂದೆಕರೆಯಲ್ಲಿ ನೂರು ಮನೆಗಳೆಂದಿಟ್ಟುಕೊಂಡರೆ ಒಂದು ಮನೆಯ ಪಾಲಿಗೆ 48 ಗಜ. ಅರ್ಧ ಗುಂಟೆಯೂ ಇಲ್ಲ! ಅದೂ ಗೆರೆ ಹಾಕಿ ತೋರಿಸಲಾಗದ, ಅವಿಭಜಿತ ಪಾಲು. ಹೇಳಿದ ಚದರಡಿಯಲ್ಲಿ ಮೆಟ್ಟಿಲು, ಮೊಗಸಾಲೆಗಳ ಪಾಲೂ ಸೇರಿರುತ್ತದೆ. ಈಜುಕೊಳಕ್ಕೆ ಇಳಿಯದಿದ್ದರೂ ಅದರ ನಿರ್ವಹಣೆಯ ಹಣವನ್ನು ತಿಂಗಳು ತಿಂಗಳೂ ಕೊಡಬೇಕು.

ಹಾಗೆಂದು ಮಕ್ಕಳು ನಗರದಲ್ಲಿ ಮನೆ ಮಾಡಬಾರದೆಂದು ನಾವು ಹೇಳೆವು. ದಿನವೂ ದೂರ ಓಡಾಡಿ ಬಳಲುವವರಿಗೆ ಉದ್ಯೋಗದ ಬಳಿಯ ಮನೆ ದೊಡ್ಡ ನೆಮ್ಮದಿಯೇ. ಆದರೆ ಮುಂಗಡಕ್ಕೆ ಮೊದಲು ಮೂರು ಪತ್ರಗಳನ್ನು ಕೇಳಿರಿ: 2016ರ ರೇರಾ ಕಾಯಿದೆಯ ಪ್ರಕಾರದ ನೋಂದಣಿ ಸಂಖ್ಯೆ, ಗೋಡೆಯೊಳಗಿನ ನಿಜವಾದ ವಿಸ್ತೀರ್ಣ, ಕೆರೆಯ ಪೂರ್ಣಮಟ್ಟದ ಗೆರೆಯನ್ನು ತೋರಿಸುವ ಸರಕಾರಿ ನಕ್ಷೆ. ಒಪ್ಪಂದ ನೋಂದಣಿಯಾಗುವ ಮುನ್ನ ಬೆಲೆಯ ಹತ್ತನೆಯ ಒಂದಂಶಕ್ಕಿಂತ ಹೆಚ್ಚು ಹಣವನ್ನು ಪಡೆಯಲು ಆ ಕಾಯಿದೆ ಬಿಡುವುದಿಲ್ಲ.

ನಮ್ಮ ವಿದ್ಯಾರ್ಥಿ ಈಗ ಆ ಪತ್ರಗಳಿಗಾಗಿ ಬರೆದಿದ್ದಾನೆ. ಅವು ಕೈಗೆ ಬರುವವರೆಗೆ ಹೊಲದ ಮಾತು ಬೇಡವೆಂದು ತಂದೆ ಮಕ್ಕಳು ಒಪ್ಪಿದ್ದಾರೆ. ಈ ಸಲದ ತೊಗರಿಯನ್ನೂ ಬಿತ್ತಿಯಾಗಿದೆ.